ಅರ್ಜಿಯಲ್ಲಿ ಅಪ್ಪನ ಹೆಸರಿನ ಜಾಗ

ಸವದತ್ತಿ ತಾಲ್ಲೂಕಿನ ಸಹೋದರಿಗೆ,

ಅಪ್ಪನ ಹೆಸರು ಬರೆಯಬೇಕಾಗುತ್ತದೆಂದು ಮಗಳು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೇ ಹೋಗುತ್ತಿಲ್ಲ ಎಂದು ಬರೆದಿದ್ದೀರಿ. ಓದಿ ಸಂಕಟವಾಯಿತು. ಇದು ಅವಳ ತಪ್ಪಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ. ದೇವದಾಸಿ ತಾಯಂದಿರ ಮಕ್ಕಳನ್ನು ತಂದೆಯ ಹೆಸರಿಗಾಗಿ ಒತ್ತಾಯಿಸಬಾರದೆಂದು 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಮಸೂದೆಯೇ ಹೇಳುತ್ತದೆ. ಮೊದಲ ದಿನ ನೀವೇ ಜೊತೆಗೆ ಹೋಗಿ, ಆ ಜಾಗದಲ್ಲಿ ನಿಮ್ಮ ಹೆಸರನ್ನೇ ಧೈರ್ಯವಾಗಿ ಬರೆಯಿರಿ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

ನಿಮ್ಮ ಚಿಕ್ಕ ಮಗುವಿಗೆ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಇದೆಯೇ ಎಂದು ಪಿಡಿಒ ಅವರನ್ನು ಕೇಳಿ. ಮೂರು ವರ್ಷ ತುಂಬಿದ್ದರೆ ಅಂಗನವಾಡಿಯೇ ಸಾಕು.

ನಿಮ್ಮ ತಾಯಿಯ ಮಾಸಾಶನದ ವಿಷಯ ಮಾತ್ರ ಮುಂದೂಡಬೇಡಿ. 1993–94 ಅಥವಾ 2007–08ರ ದೇವದಾಸಿಯರ ಸಮೀಕ್ಷೆಯಲ್ಲಿ ಅವರ ಹೆಸರಿದೆಯೇ ಎಂದು ಮೊದಲು ವಿಚಾರಿಸಿ. ಮಾಜಿ ದೇವದಾಸಿಯರ ಮಾಸಾಶನಕ್ಕೆ ಅದೇ ಆಧಾರ. ಹೆಸರಿಲ್ಲದಿದ್ದರೆ, 65 ವರ್ಷ ತುಂಬಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಈ ಹಾದಿಯನ್ನು ಸ್ವತಃ ತುಳಿದವರು ಬೇಕೆನಿಸಿದರೆ, ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿಯರೇ 1997ರಲ್ಲಿ ಕಟ್ಟಿದ ‘ಮಾಸ್’ ಸಂಸ್ಥೆಯಿದೆ.

ಯಾರಾದರೂ ಅರ್ಜಿ ತಳ್ಳಿಹಾಕಿದರೆ ಸುಮ್ಮನೆ ಮರಳಬೇಡಿ, ಲಿಖಿತ ಕಾರಣ ಕೇಳಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ವಕೀಲರ ನೆರವು ಉಚಿತ, ಆದಾಯದ ಮಿತಿಯೂ ಇಲ್ಲ.