ದೃಷ್ಟಿ, ಮಾಟ ಮತ್ತು 2017ರ ಕಾಯ್ದೆ

ಆಯುಧಪೂಜೆಯ ದಿನ ಮೈಸೂರಿನ ರಸ್ತೆಗಳಲ್ಲಿ ಕುಂಕುಮ ತುಂಬಿ ಒಡೆದ ಬೂದುಗುಂಬಳ, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು ಎಲ್ಲೆಲ್ಲೂ ಬಿದ್ದಿರುತ್ತವೆ. ಇದು ದೃಷ್ಟಿ ತೆಗೆಯುವ ಆಚರಣೆ. 2017ರ ವಾಮಾಚಾರ ತಡೆ ಕಾಯ್ದೆಗೂ ಇದಕ್ಕೂ ಸಂಬಂಧವಿಲ್ಲ.

ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಹಾಗೂ ನಿರ್ಮೂಲನೆ ಕಾಯ್ದೆಗೆ 2017ರಲ್ಲಿ ಅಂಗೀಕಾರ ದೊರೆಯಿತು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಿಧಿಗಾಗಿ ವಾಮಾಚಾರ, ದೆವ್ವ ಬಿಡಿಸುವ ನೆಪದಲ್ಲಿ ಥಳಿತ, ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನ, ಹಾವು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು ಇವೆಲ್ಲ ನಿಷಿದ್ಧ. ಶಿಕ್ಷೆ 1ರಿಂದ 7 ವರ್ಷ ಸೆರೆ, 5,000ದಿಂದ 50,000 ರೂಪಾಯಿ ದಂಡ. ಪ್ರದಕ್ಷಿಣೆ, ಯಾತ್ರೆ, ಹರಿಕಥೆಗೆ ವಿನಾಯಿತಿ ಇದೆ. ಜ್ಯೋತಿಷ್ಯ, ವಾಸ್ತು ಸಲಹೆಗೂ ಇದೆ. ವಿಚಾರವಾದಿಗಳ ತಕರಾರು ಇರುವುದೇ ಇಲ್ಲಿ.

ಹೋಲಿಕೆ: ಮಹಾರಾಷ್ಟ್ರದ ಕಾಯ್ದೆ 2013ರದು, ಮೂಢನಂಬಿಕೆ ವಿರೋಧಿ ಹೋರಾಟಗಾರ ದಾಭೋಲ್ಕರ್ ಹತ್ಯೆಯ ನಂತರದ್ದು. ಬ್ರಿಟನ್ 1735ರ ಮಾಟ ಕಾಯ್ದೆಯನ್ನು 1951ರಲ್ಲಿ ರದ್ದುಪಡಿಸಿತು. ಬಳಿಕ ಜೆರಾಲ್ಡ್ ಗಾರ್ಡ್ನರ್ ಅಲ್ಲಿ ಮಾಟವನ್ನು ಧರ್ಮವಾಗಿ ಆಚರಿಸುವ ವಿಕ್ಕಾ ಪಂಥವನ್ನು ಬಹಿರಂಗವಾಗಿ ಪ್ರಚಾರ ಮಾಡಿದರು.

ಪರೀಕ್ಷೆಯಲ್ಲಿ ಕರ್ನಾಟಕದ ಕಾಯ್ದೆಯ ವರ್ಷ ಕೇಳಿದರೆ, ಪ್ರಶ್ನೆ ಅಂಗೀಕಾರದ್ದೋ ಜಾರಿಯದ್ದೋ ನೋಡಿಕೊಂಡು ವರ್ಷ ಗುರುತಿಸಿ.