ಮೊದಲು ಕೆಲಸದ ನಕ್ಷೆ, ಆಮೇಲೆ ಸಾಫ್ಟ್‌ವೇರ್

ಭಂಕೂರು ಎಂಬ ಊರಿನ ರೈತರು ಮೊದಲು ಜಮೀನಿನ ಕಾಗದಪತ್ರಗಳಿಗಾಗಿ ಚಿತ್ತಾಪುರದ ತಹಶೀಲ್ದಾರ್ ಕಚೇರಿಗೆ ಹೋಗುತ್ತಿದ್ದರು. ಶಹಾಬಾದ ಪ್ರತ್ಯೇಕ ತಾಲ್ಲೂಕಾದ ಮೇಲೆ ಅವರ ಕಚೇರಿ ಬದಲಾಯಿತು, ಅಧಿಕಾರಿಗಳು ಬದಲಾದರು. ಆದರೆ ಹೊಲ ಮಾರಿದಾಗ ಅಳತೆ ಮಾಡುವುದು, ಕ್ರಯಪತ್ರ ನೋಂದಾಯಿಸುವುದು, ಪಹಣಿಯಲ್ಲಿ ಹೆಸರು ಬದಲಿಸುವುದು, ಸಾಲವಿದ್ದರೆ ಅದನ್ನು ಬರೆದಿಡುವುದು, ಇವು ಯಾವುವೂ ಬದಲಾಗಲಿಲ್ಲ. ಯಾವುದು ಬದಲಾಗುತ್ತದೆ, ಯಾವುದು ಹಾಗೇ ಉಳಿಯುತ್ತದೆ ಎಂದು ಬೇರ್ಪಡಿಸಿ ನೋಡಲು ನೀವು ಕಲಿತರೆ ‘ಬಿಸಿನೆಸ್ ಆರ್ಕಿಟೆಕ್ಚರ್’ ಎಂಬ ವಿಷಯದ ಅರ್ಧ ಪಾಠ ಮುಗಿದಂತೆ.

ಪರಿಭಾಷೆಯನ್ನು ನಿಧಾನವಾಗಿ ಬಿಡಿಸೋಣ. ಇಲ್ಲಿ ‘ಬಿಸಿನೆಸ್’ ಎಂದರೆ ಲಾಭದ ವ್ಯಾಪಾರ ಮಾತ್ರವಲ್ಲ. ಒಂದು ಸಂಸ್ಥೆ ಯಾವ ಕೆಲಸಕ್ಕಾಗಿ ಇದೆಯೋ ಆ ಕೆಲಸ. ಆ ಸಂಸ್ಥೆ ಏನೇನು ಮಾಡಬಲ್ಲದಾಗಿರಬೇಕು, ಯಾರಿಗಾಗಿ, ಯಾವ ಮಾಹಿತಿಯ ಆಧಾರದಲ್ಲಿ, ಯಾರ ಹೊಣೆಯಲ್ಲಿ ಎಂಬುದನ್ನು ಒಂದೇ ನೋಟಕ್ಕೆ ಸಿಗುವಂತೆ ಬರೆದಿಟ್ಟ ಕೆಲಸದ ನಕ್ಷೆಯೇ ‘ಬಿಸಿನೆಸ್ ಆರ್ಕಿಟೆಕ್ಚರ್’. ಅದರಲ್ಲಿ ಬರುವ ಒಂದೊಂದು ‘ಮಾಡಬಲ್ಲ’ ಕೆಲಸಕ್ಕೂ ‘ಸಾಮರ್ಥ್ಯ’ ಎನ್ನುತ್ತಾರೆ. ಒಂದೇ ಬಗೆಯ ಹಲವು ಸಂಸ್ಥೆಗಳ ಅನುಭವದಿಂದ ಸಿದ್ಧಪಡಿಸಿದ, ಯಾರು ಬೇಕಾದರೂ ಆರಂಭಕ್ಕೆ ಎತ್ತಿಕೊಳ್ಳಬಹುದಾದ ಮಾದರಿ ನಕ್ಷೆಯೇ ‘ರೆಫರೆನ್ಸ್ ಬಿಸಿನೆಸ್ ಆರ್ಕಿಟೆಕ್ಚರ್’. ಬ್ಯಾಂಕುಗಳಿಗೆ ಬಿಯಾನ್, ದೂರಸಂಪರ್ಕಕ್ಕೆ ಇ-ಟಾಮ್ ಎಂಬ ಮಾದರಿಗಳಿವೆ. ಸರ್ಕಾರಗಳಿಗಾಗಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2018ರಲ್ಲಿ ‘ಇಂಡ್‌ಇಎ’ ಚೌಕಟ್ಟನ್ನು ಪ್ರಕಟಿಸಿತು. ಅದರ 8 ಮಾದರಿಗಳಲ್ಲಿ ಬಿಸಿನೆಸ್ ಮಾದರಿಯೂ ಒಂದು.

ಈಗ ಒಂದು ಅಭ್ಯಾಸ ಮಾಡೋಣ. ಭಂಕೂರಿನ ಒಬ್ಬ ರೈತ ತನ್ನ ತೊಗರಿ ಹೊಲದಲ್ಲಿ ಎರಡು ಎಕರೆ ಮಾರುತ್ತಾನೆ ಎನ್ನಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದರಿಂದ ಭೂಮಾಪನ ಇಲಾಖೆಯಿಂದ 11ಇ ನಕ್ಷೆ ಬೇಕು. ಆ ಕೆಲಸ ‘ಮೋಜಿಣಿ’ ತಂತ್ರಾಂಶದಲ್ಲಿ ನಡೆಯುತ್ತದೆ. ಕ್ರಯಪತ್ರ ಉಪನೋಂದಣಿ ಕಚೇರಿಯಲ್ಲಿ ‘ಕಾವೇರಿ’ಯ ಮೂಲಕ ನೋಂದಣಿಯಾಗುತ್ತದೆ. ಅಲ್ಲಿಂದ ಕಂದಾಯ ಕಚೇರಿಗೆ ಮಾಹಿತಿ ಹೋಗಿ, ‘ಭೂಮಿ’ಯಲ್ಲಿ ಹಕ್ಕು ಬದಲಾವಣೆ, ಅಂದರೆ ಮ್ಯುಟೇಶನ್ ಆಗುತ್ತದೆ. ತಂತ್ರಾಂಶದ ಕಡೆಯಿಂದ ನೋಡಿದವರಿಗೆ ಇಲ್ಲಿ ಮೂರು ಯೋಜನೆಗಳು ಕಾಣುತ್ತವೆ. ರೈತನ ಕಡೆಯಿಂದ ನೋಡಿದರೆ ಇರುವುದು ಒಂದೇ ಕೆಲಸ. ಸರ್ವೆ ನಂಬರ್, ವಿಸ್ತೀರ್ಣ, ಮಾಲೀಕನ ಹೆಸರು, ಈ ಮೂರು ವಿವರಗಳು ಮೂರೂ ಕಡೆ ಒಂದೇ ಆಗಿರಬೇಕು. ಎಲ್ಲಿ ಅವು ಹೊಂದುವುದಿಲ್ಲವೋ ಅಲ್ಲಿ ರೈತನ ಓಡಾಟ ಶುರುವಾಗುತ್ತದೆ. ಕೆಲಸದ ನಕ್ಷೆ ಈ ಹೊಂದಿಕೆಯ ಜಾಗಗಳನ್ನು ತಂತ್ರಾಂಶ ಬರೆಯುವ ಮೊದಲೇ ತೋರಿಸುತ್ತದೆ. ಅದರ ನಿಜವಾದ ಬೆಲೆ ಇರುವುದು ಇಲ್ಲೇ ಎಂದು ನಾನು ನಂಬುತ್ತೇನೆ.

‘ಭೂಮಿ’ ಯೋಜನೆಯನ್ನು ಇನ್ನಷ್ಟು ಹತ್ತಿರದಿಂದ ನೋಡಿ. 2000ದ ಆಸುಪಾಸಿನಲ್ಲಿ ಕರ್ನಾಟಕ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಆ ಸಂಖ್ಯೆ ದೊಡ್ಡದು, ಆದರೆ ಅದಕ್ಕಿಂತ ದೊಡ್ಡದು ಜೊತೆಗೇ ಆದ ತೀರ್ಮಾನಗಳು. ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆಯಲಾಯಿತು. ಪಹಣಿ ಕೊಡುವ ಕೆಲಸ ಗ್ರಾಮ ಲೆಕ್ಕಿಗರ ಕೈಯಿಂದ ತಾಲ್ಲೂಕಿನ ಕೌಂಟರಿಗೆ ಬಂತು. ಮ್ಯುಟೇಶನ್‌ನಲ್ಲಿ ಮೊದಲು ಬಂದ ಅರ್ಜಿ ಮೊದಲು ಮುಗಿಯಬೇಕೆಂಬ ನಿಯಮವನ್ನು ತಂತ್ರಾಂಶವೇ ಕಾಯಿತು. ಬೆರಳಚ್ಚು ಕೊಟ್ಟು ಒಳಹೋಗುವುದರಿಂದ ಯಾರು ಏನು ಮಾಡಿದರೆಂಬುದು ದಾಖಲಾಯಿತು. ಕೆಲಸದ ಕ್ರಮವನ್ನೂ ಕಂಪ್ಯೂಟರನ್ನೂ ಒಟ್ಟಿಗೆ ತಿದ್ದಿದ್ದರಿಂದಲೇ ಆ ಯೋಜನೆ ಗಟ್ಟಿಯಾಗಿ ನಿಂತಿತು. ಹಳೆಯ ಕ್ರಮ ಹಾಗೇ ಇದ್ದು ಕೀಲಿಮಣೆ ಮಾತ್ರ ಬಂದಿದ್ದರೆ ಹಳೆಯ ವಿಳಂಬವೇ ಮುದ್ರಿತ ರೂಪದಲ್ಲಿ ಸಿಗುತ್ತಿತ್ತು.

ಮಾದರಿ ನಕ್ಷೆಯನ್ನು ಹಾಗೆಯೇ ನಕಲು ಮಾಡಬಹುದೇ ಎಂದು ನೀವು ಕೇಳಬಹುದು. ಬೇಡ. ಸೇಡಂ ದಾಟಿದರೆ ಸಿಗುವ ತೆಲಂಗಾಣವನ್ನೇ ನೋಡಿ. ಅಲ್ಲಿ 2020ರಲ್ಲಿ ‘ಧರಣಿ’ ಬಂದಾಗ ಕೃಷಿ ಜಮೀನಿನ ನೋಂದಣಿಯನ್ನೂ ಮ್ಯುಟೇಶನ್ನನ್ನೂ ತಹಶೀಲ್ದಾರರ ಕಚೇರಿಗೇ ಒಪ್ಪಿಸಿದರು. ನಮ್ಮಲ್ಲಿ ಇವೆರಡೂ ಬೇರೆ ಬೇರೆ ಕಚೇರಿಗಳಲ್ಲಿವೆ. ಸಾಮರ್ಥ್ಯಗಳು ಎರಡೂ ಕಡೆ ಅವೇ, ಹೊಣೆಯ ಹಂಚಿಕೆ ಬೇರೆ. ಹಾಗಾಗಿ ಮಾದರಿಯಿಂದ ಸಾಮರ್ಥ್ಯಗಳ ಪಟ್ಟಿಯನ್ನು ತೆಗೆದುಕೊಳ್ಳಿ. ಯಾರು ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನು ನಿಮ್ಮ ಕಾನೂನು, ನಿಮ್ಮ ಊರು ಹೇಳಲಿ.

ಓದಿದ್ದನ್ನು ಮಾಡಿ ನೋಡಲು ದೊಡ್ಡ ಇಲಾಖೆ ಬೇಕಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯನ್ನೋ ಸಹಕಾರ ಸಂಘವನ್ನೋ ಆರಿಸಿಕೊಳ್ಳಿ. ‘ತೆರಿಗೆ ವಸೂಲು ಮಾಡುವುದು’, ‘ಸದಸ್ಯರಿಗೆ ಸಾಲ ಕೊಡುವುದು’ ಎಂಬಂತೆ ಅದರ ಸಾಮರ್ಥ್ಯಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಇಲಾಖೆಯ ಹೆಸರು, ತಂತ್ರಾಂಶದ ಹೆಸರು ಸದ್ಯಕ್ಕೆ ಬೇಡ. ಪಟ್ಟಿ ಮುಗಿದ ಮೇಲೆ ಪ್ರತಿಯೊಂದರ ಎದುರು ಈಗ ಬಳಸುತ್ತಿರುವ ತಂತ್ರಾಂಶವನ್ನು ಬರೆಯಿರಿ. ಕೆಲವು ಸಾಲು ಖಾಲಿ ಉಳಿಯುತ್ತವೆ, ಕೆಲವಕ್ಕೆ ಎರಡೆರಡು ಹೆಸರು ಬರುತ್ತವೆ, ಯಾವ ಸಾಲಿಗೂ ಸೇರದ ತಂತ್ರಾಂಶವೂ ಸಿಕ್ಕೀತು. ಮುಂದಿನ ಖರ್ಚಿನ ಮಾತುಕತೆಗೆ ಕೂರುವಾಗ ಆ ಹಾಳೆಯನ್ನು ಮೇಜಿನ ಮೇಲಿಡಿ. ಕಚೇರಿಯವರನ್ನೂ ಕಂಪ್ಯೂಟರಿನವರನ್ನೂ ಒಟ್ಟಿಗೆ ಕೂರಿಸಿ, ಖಾಲಿ ಸಾಲುಗಳಿಂದ ಆರಂಭಿಸಿ.