‘ಎಸಗು’: ಅರ್ಥ, ಬಳಕೆ ಮತ್ತು ಮುಂಬೈನ ನಾನಾವತಿ ಪ್ರಕರಣ

1. ಎಸಗು: ಸಕರ್ಮಕ ಕ್ರಿಯಾಪದ. ಹಳಗನ್ನಡದಲ್ಲಿ ಬರೀ ‘ಮಾಡು’. ಇಂದು ಹೆಚ್ಚಾಗಿ ಕೆಟ್ಟ ಕೃತ್ಯಕ್ಕೆ. ಪತ್ರಿಕೆ, ದೋಷಾರೋಪ ಪಟ್ಟಿ, ತೀರ್ಪುಗಳ ಭಾಷೆ, ಮನೆಮಾತಲ್ಲ.
2. ಜೊತೆಪದಗಳು: ದೌರ್ಜನ್ಯ, ವಂಚನೆ, ದ್ರೋಹ, ಕರ್ತವ್ಯಲೋಪ. ‘ಸಹಾಯ ಎಸಗಿದರು’ ಸಲ್ಲದು.
3. ಗೆಳೆಯನಿಗೆ ದ್ರೋಹ ಎಸಗಿದ. ಮಹಿಳೆಯ ಮೇಲೆ ದೌರ್ಜನ್ಯ ಎಸಗಿದ.
4. ಗೊಂದಲ: ಎಸೆ = ಬಿಸಾಡು. ಎಸೆದ ≠ ಎಸಗಿದ.
5. ಆರೋಪಿ: ಎಸಗಿದ ಆರೋಪ ಹೊತ್ತವನು. ಅಪರಾಧಿ: ಎಸಗಿದ್ದು ಸಾಬೀತಾದವನು.

ಉದಾಹರಣೆ, ಕೆ.ಎಂ. ನಾನಾವತಿ ಪ್ರಕರಣ:
- 27 ಏಪ್ರಿಲ್ 1959: ನೌಕಾಪಡೆಯ ಕಮಾಂಡರ್ ನಾನಾವತಿ, ಬಾಂಬೆಯಲ್ಲಿ ಪ್ರೇಮ್ ಅಹುಜಾ ಎಂಬವರನ್ನು ಗುಂಡಿಕ್ಕಿ ಕೊಂದರು.
- ಜ್ಯೂರಿ: 8–1 ಮತದಿಂದ ‘ನಿರ್ದೋಷಿ’. ಒಪ್ಪದ ಸೆಷನ್ಸ್ ನ್ಯಾಯಾಧೀಶರು ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು.
- ಬಾಂಬೆ ಹೈಕೋರ್ಟ್: ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಂ 302ರಡಿ ಜೀವಾವಧಿ ಶಿಕ್ಷೆ. ಇಲ್ಲಿಂದ ‘ಕೊಲೆ ಎಸಗಿದ ಅಪರಾಧಿ’.
- 24 ನವೆಂಬರ್ 1961: ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಎಚ್ಚರ: ಈ ಪ್ರಕರಣದಿಂದಲೇ ಜ್ಯೂರಿ ರದ್ದಾಯಿತೆಂಬುದು ಸಿನಿಮಾ ಮಾತು. ಕಾನೂನಿನಿಂದ ಅದು ಪೂರ್ತಿ ಹೋದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯಿಂದ. ಐಪಿಸಿ 302ರ ಬದಲು ಕೊಲೆಗೆ ಶಿಕ್ಷೆ ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 103. ಜಾರಿ 1 ಜುಲೈ 2024.